ಹಾಡು ಹರಾಮ್, ವರದಕ್ಷಿಣೆ ಹಲಾಲೇ?

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನ ಮದುವೆಗೆ ನಾವು ಹೋಗಿದ್ದೆವು. ನಿಕಾಹ್‌ಗೆ ಇನ್ನೇನು ಹತ್ತು ನಿಮಿಷ ಇದೆ ಎನ್ನುವಾಗ ಹೆಂಗಸರಿದ್ದ ಕಡೆಯಿಂದ ಹಾಡು ಕೇಳಿಬಂತು. ಮದುಮಗಳ ಅತ್ತೆ, ಚಿಕ್ಕಮ್ಮಂದಿರು ಸೇರಿ ಹಳೆಯ ಮದುವೆ ಹಾಡೊಂದನ್ನು ಹಾಡುತ್ತಿದ್ದರು. ಹುಡುಗಿಯೊಬ್ಬಳು ದಫ್ ಬಡಿಯುತ್ತಿದ್ದಳು. ಜಮಾಅತ್‌ನ ಹಿರಿಯರೊಬ್ಬರು ಥಟ್ಟನೆ ಎದ್ದು ನಿಂತರು. "ಇದು ನಿಲ್ಲದಿದ್ದರೆ ಉಸ್ತಾದರು ನಿಕಾಹ್ ಮಾಡಿಕೊಡುವುದಿಲ್ಲ" ಎಂದರು. ಮದುಮಗಳ ತಂದೆ ಓಡಿಹೋಗಿ ಕೈಮುಗಿದರು. ಹಾಡು ನಿಂತಿತು. ನಿಕಾಹ್ ನಡೆಯಿತು. ಎಲ್ಲರೂ ಬಿರಿಯಾನಿ ಉಂಡು ದುಆ ಮಾಡಿ ಮನೆಗೆ ಹೋದರು.

ಆ ಸಭಾಂಗಣದಲ್ಲಿದ್ದ ಪ್ರತಿಯೊಬ್ಬರಿಗೂ ಇನ್ನೊಂದು ವಿಷಯ ಗೊತ್ತಿತ್ತು. ಮದುಮಗಳ ತಂದೆ ಐವತ್ತು ಪವನ್ ಚಿನ್ನ ಮತ್ತು ನಗದು ಕೊಡಲು ತನ್ನ ಹಿತ್ತಲಿನ ಜಾಗ ಮಾರಿದ್ದರು. ಅದಕ್ಕಾಗಿ ಯಾರೂ ಎದ್ದು ನಿಲ್ಲಲಿಲ್ಲ. ಅದು ಇತ್ಯರ್ಥವಾಗದಿದ್ದರೆ ನಿಕಾಹ್ ಮಾಡಿಕೊಡುವುದಿಲ್ಲ ಎಂದು ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಅಂದಿನಿಂದ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇಷ್ಟೆ. ಹದಿನಾಲ್ಕು ಶತಮಾನಗಳಿಂದ ವಿದ್ವಾಂಸರ ನಡುವೆ ಚರ್ಚೆಯಾಗುತ್ತಲೇ ಇರುವ ಒಂದು ವಿಷಯದಲ್ಲಿ ನಾವು ಇಷ್ಟು ಕಠೋರರು. ಯಾವ ಚರ್ಚೆಗೂ ಆಸ್ಪದವೇ ಇಲ್ಲದ ಇನ್ನೊಂದು ವಿಷಯದಲ್ಲಿ ಇಷ್ಟು ಉದಾರಿಗಳು. ಇದು ಯಾವ ಧರ್ಮನಿಷ್ಠೆ?

ಸಂಗೀತ ಕೇಳುವುದು ಇಸ್ಲಾಮಿನಲ್ಲಿ ಅನುಮತಿಸಲ್ಪಟ್ಟಿದೆಯೇ? ನಮ್ಮ ಯುವಕ ಯುವತಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅವರಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ ಪದದ್ದು: ಹರಾಮ್. ನಾವು ಮುಫ್ತಿಗಳಲ್ಲ, ಇಲ್ಲಿ ಫತ್ವಾ ಕೊಡಲು ಹೊರಟಿಲ್ಲ. ಆದರೆ ಕುರ್‌ಆನ್ ಮತ್ತು ಹದೀಸ್ ಗ್ರಂಥಗಳು ಕನ್ನಡದಲ್ಲೇ ಓದಲು ಸಿಗುವ ಈ ಕಾಲದಲ್ಲಿ ಆ ಒಂದು ಪದದ ಹಿಂದೆ ಏನಿದೆ ಎಂದು ವಿಚಾರಿಸುವ ಹಕ್ಕು ಸಾಮಾನ್ಯ ಓದುಗನಿಗೂ ಇದೆ.

ಮೊದಲಿಗೆ ಕುರ್‌ಆನ್. ಸಂಗೀತ ಎಂಬ ಪದವನ್ನು ಹೆಸರಿಸಿ ನಿಷೇಧಿಸುವ ಸೂಕ್ತ ಕುರ್‌ಆನಿನಲ್ಲಿ ಎಲ್ಲೂ ಇಲ್ಲ. ನಿಷೇಧವಾದಿಗಳು ಮುಖ್ಯವಾಗಿ ಮುಂದಿಡುವುದು ಸೂರಃ ಲುಕ್ಮಾನ್‌ನ 6ನೇ ಸೂಕ್ತವನ್ನು. ಅರಿವಿಲ್ಲದೆ ಜನರನ್ನು ಅಲ್ಲಾಹನ ಮಾರ್ಗದಿಂದ ತಪ್ಪಿಸಲಿಕ್ಕಾಗಿ, ಆ ಮಾರ್ಗವನ್ನು ಗೇಲಿ ಮಾಡಲಿಕ್ಕಾಗಿ 'ಲಹ್ವಲ್ ಹದೀಸ್' ಅಂದರೆ ಮನಮರುಳಾಗಿಸುವ ಮಾತನ್ನು ಕೊಂಡು ತರುವವರ ಕುರಿತು ಅದು ಎಚ್ಚರಿಸುತ್ತದೆ. ಪ್ರವಾದಿ(ಸ)ಯವರ ಹಿರಿಯ ಅನುಚರರಾದ ಇಬ್ನ್ ಮಸ್‌ಊದ್(ರ) ಇದರ ಅರ್ಥ ಹಾಡುಗಾರಿಕೆ ಎಂದು ಆಣೆಯಿಟ್ಟು ಹೇಳಿದ್ದಾರೆ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಸೂಕ್ತದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಹೇಳುವ ಇನ್ನೊಂದು ಸಂಗತಿಯೂ ಇದೆ. ಮಕ್ಕಾದ ನದ್ರ್ ಬಿನ್ ಹಾರಿಸ್ ಎಂಬಾತ ಪರ್ಷಿಯಾದ ರಾಜರ ಕಥೆಗಳನ್ನು ತಂದು, ಕುರ್‌ಆನ್ ಕೇಳಲು ಹೋಗುವ ಜನರನ್ನು ಅವುಗಳ ಮೂಲಕ ತನ್ನತ್ತ ಸೆಳೆಯುತ್ತಿದ್ದ. ಹಾಗಾದರೆ ಕಥೆಗಳೂ ಹರಾಮೇ? ಕಾದಂಬರಿ ಓದುವುದೂ ಹರಾಮೇ? ಸ್ಪೇನಿನ ಮಹಾವಿದ್ವಾಂಸ ಇಬ್ನ್ ಹಝ್ಮ್ (994-1064) ಈ ಗಂಟನ್ನು ಬಿಡಿಸಿದ್ದಾರೆ. ಸೂಕ್ತ ಖಂಡಿಸುವುದು ದಾರಿ ತಪ್ಪಿಸುವ ಉದ್ದೇಶವನ್ನು. ಆ ಉದ್ದೇಶದಿಂದ ಕೊಂಡದ್ದು ಕುರ್‌ಆನ್ ಪ್ರತಿಯೇ ಆಗಿದ್ದರೂ ಆತ ಅಪರಾಧಿಯೇ ಎಂದು ಅವರು ವಾದಿಸಿದರು.

ಇನ್ನು ಹದೀಸ್. ವ್ಯಭಿಚಾರ, ರೇಷ್ಮೆ, ಮದ್ಯ ಮತ್ತು ವಾದ್ಯಗಳನ್ನು ಹಲಾಲ್ ಎಂದು ಭಾವಿಸುವ ಜನರು ತನ್ನ ಸಮುದಾಯದಲ್ಲಿ ಹುಟ್ಟಿಕೊಳ್ಳುವರು ಎಂದು ಪ್ರವಾದಿ(ಸ) ಎಚ್ಚರಿಸಿದ ವರದಿ ಬುಖಾರಿಯಲ್ಲಿದೆ. ನಿಷೇಧವಾದಿಗಳ ಬಲವಾದ ಆಧಾರ ಇದು. ಇಮಾಮ್ ಬುಖಾರಿ ಇದನ್ನು ದಾಖಲಿಸಿದ ರೀತಿಯಲ್ಲಿ ವರದಿಗಾರರ ಸರಪಳಿ ಕಡಿದಿದೆ ಎಂದು ಇಬ್ನ್ ಹಝ್ಮ್ ಆಕ್ಷೇಪಿಸಿದರು. ಬುಖಾರಿಯ ಪ್ರಸಿದ್ಧ ವ್ಯಾಖ್ಯಾನಕಾರ ಇಬ್ನ್ ಹಜರ್ ಬೇರೆ ಮೂಲಗಳಿಂದ ಆ ಸರಪಳಿಯನ್ನು ಜೋಡಿಸಿ ತೋರಿಸಿದರು. ಬಹುಪಾಲು ಹದೀಸ್ ತಜ್ಞರು ಇಬ್ನ್ ಹಜರ್ ಪರ ಇದ್ದಾರೆ. ಹದೀಸ್ ಸರಿಯಾಗಿಯೇ ಇದೆ ಎಂದು ಒಪ್ಪಿಕೊಂಡರೂ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಹೇಳಿರುವುದು ಪ್ರತಿಯೊಂದು ವಾದ್ಯದ ಕುರಿತೋ, ಅಥವಾ ಮದ್ಯ ಮತ್ತು ವ್ಯಭಿಚಾರದ ಜೊತೆಗೂಡಿದ ವಿಲಾಸದ ಕುರಿತೋ? ಎಲ್ಲ ವಾದ್ಯಗಳೂ ಎಂದು ಹೇಳುವವರು ದಫ್‌ಗೆ ವಿನಾಯಿತಿ ಕೊಡಲೇಬೇಕಾಗುತ್ತದೆ. ಏಕೆಂದರೆ ದಫ್ ಪ್ರವಾದಿ(ಸ)ಯವರ ಕಾಲದಲ್ಲೇ ಬಾರಿಸಲ್ಪಟ್ಟಿತ್ತು.

ಅದೇ ಬುಖಾರಿಯಲ್ಲಿ ಇನ್ನೊಂದು ಘಟನೆ ಇದೆ. ಈದ್‌ನ ದಿನ ಹ. ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಹುಡುಗಿಯರು ಬುಆಸ್ ಯುದ್ಧದ ಹಾಡುಗಳನ್ನು ಹಾಡುತ್ತಿದ್ದರು. ಪ್ರವಾದಿ(ಸ) ಅಲ್ಲೇ ಮಲಗಿದ್ದರು. ಒಳಗೆ ಬಂದ ಹ. ಅಬೂಬಕರ್(ರ) ಸಿಟ್ಟಾದರು, ಪ್ರವಾದಿಯವರ ಮನೆಯಲ್ಲಿ ಸೈತಾನನ ವಾದ್ಯವೇ ಎಂದು ಗದರಿದರು. ಪ್ರವಾದಿ(ಸ) ತಡೆದದ್ದು ಹುಡುಗಿಯರನ್ನಲ್ಲ, ಅಬೂಬಕರ್‌ರನ್ನು. ಪ್ರತಿಯೊಂದು ಜನಾಂಗಕ್ಕೂ ಒಂದು ಹಬ್ಬವಿದೆ, ಇದು ನಮ್ಮ ಹಬ್ಬ, ಅವರನ್ನು ಬಿಟ್ಟುಬಿಡಿ ಎಂದರು. ಆ ಹುಡುಗಿಯರು ವೃತ್ತಿಪರ ಗಾಯಕಿಯರಲ್ಲ ಎಂದು ಆಯಿಶಾ(ರ) ಹೇಳಿದ್ದನ್ನು ನಿಷೇಧವಾದಿಗಳು ಎತ್ತಿ ತೋರಿಸುತ್ತಾರೆ. ಸರಿ. ಆದರೆ ಹಾಡೇ ಹರಾಮ್ ಆಗಿದ್ದರೆ ಹಾಡುವವರು ವೃತ್ತಿಪರರೋ ಅಲ್ಲವೋ ಎಂಬ ಪ್ರಶ್ನೆ ಏಕೆ ಬರುತ್ತದೆ? ಮದ್ಯದ ವಿಷಯದಲ್ಲಿ ಯಾರಾದರೂ ಹೀಗೆ ವಾದಿಸುತ್ತಾರೆಯೇ?

ರುಬಯ್ಯಿಅ್ ಬಿಂತ್ ಮುಅವ್ವಿದ್(ರ)ರ ಮದುವೆಗೆ ಪ್ರವಾದಿ(ಸ) ಬಂದಾಗ ಹುಡುಗಿಯರು ದಫ್ ಬಾರಿಸುತ್ತಾ ಬದ್ರ್‌ನಲ್ಲಿ ಹುತಾತ್ಮರಾದ ಹಿರಿಯರ ಗುಣಗಾನ ಮಾಡುತ್ತಿದ್ದರು. ಅವರಲ್ಲೊಬ್ಬಳು ನಾಳೆ ಏನಾಗುವುದೆಂದು ಬಲ್ಲ ಪ್ರವಾದಿ ನಮ್ಮಲ್ಲಿದ್ದಾರೆ ಎಂದು ಹಾಡಿದಳು. ಆ ಮಾತನ್ನು ಬಿಡು, ಮೊದಲು ಹಾಡುತ್ತಿದ್ದುದನ್ನೇ ಹಾಡು ಎಂದು ಪ್ರವಾದಿ(ಸ) ತಿದ್ದಿದರು. ಅವರು ತಿದ್ದಿದ್ದು ಹಾಡಿನ ಸಾಲನ್ನು. ಹಾಡನ್ನೂ ದಫ್ಫನ್ನೂ ನಿಲ್ಲಿಸಲಿಲ್ಲ. ಮದುವೆಯಲ್ಲಿ ಹಲಾಲ್ ಮತ್ತು ಹರಾಮ್‌ಗಳ ವ್ಯತ್ಯಾಸವನ್ನು ತಿಳಿಸುವುದೇ ದಫ್ ಮತ್ತು ದನಿ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಮದುವೆ ಗುಟ್ಟಾಗಿ ನಡೆಯಬಾರದು, ಊರಿಗೆಲ್ಲ ಗೊತ್ತಾಗಬೇಕು ಎಂಬುದು ಅದರ ಆಶಯ. ನಾವು ಕಂಡ ಮದುವೆಯಲ್ಲಿ ನಿಲ್ಲಿಸಲ್ಪಟ್ಟದ್ದು ಇದೇ ದಫ್, ಇದೇ ದನಿ!

ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ನಾಲ್ಕೂ ಮದ್‌ಹಬ್‌ಗಳ ಬಹುಸಂಖ್ಯಾತ ಕರ್ಮಶಾಸ್ತ್ರಜ್ಞರು ತಂತಿವಾದ್ಯ ಮತ್ತು ಊದುವ ವಾದ್ಯಗಳ ವಿರುದ್ಧ ಇದ್ದಾರೆ. ಇಬ್ನ್ ತೈಮಿಯ್ಯ, ಇಬ್ನುಲ್ ಖಯ್ಯಿಮ್‌ರಂತಹ ಘನ ವಿದ್ವಾಂಸರು ಈ ಕುರಿತು ತೀಕ್ಷ್ಣವಾಗಿ ಬರೆದಿದ್ದಾರೆ. ಅವರ ಕಾಲದಲ್ಲಿ ಹಾಡುಗಾರಿಕೆ ಎಂದರೆ ಬಹುಮಟ್ಟಿಗೆ ಅರಮನೆಯ ಮದ್ಯಕೂಟ, ಗುಲಾಮ ಗಾಯಕಿಯರ ಮಾರುಕಟ್ಟೆ. ಆ ಆತಂಕವನ್ನು ಹಗುರವಾಗಿ ಕಾಣುವುದು ಸಲ್ಲದು. ಸಂಗೀತದಿಂದ ದೂರ ಉಳಿಯುವ ಮುಸ್ಲಿಮನನ್ನು ಹಿಂದುಳಿದವನು ಎಂದು ಗೇಲಿ ಮಾಡುವವರ ಜೊತೆ ನಾವಿಲ್ಲ. ಆತನ ಎಚ್ಚರಿಕೆ ಗೌರವಕ್ಕೆ ಅರ್ಹ.

ಆದರೆ ಬಹುಮತ ಬೇರೆ, ಒಮ್ಮತ ಬೇರೆ. ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬ್ ಅನ್ನೇ ನೋಡಿ. ಕುರುಬರು ಊದುವ ಕೊಳಲು ಅನುಮತಿಸಲ್ಪಟ್ಟಿದೆ ಎಂದು ಇಮಾಮ್ ರಾಫಿಈ ಹೇಳಿದರೆ, ಅದು ನಿಷಿದ್ಧ ಎಂಬುದೇ ಹೆಚ್ಚು ಸರಿ ಎಂದು ಇಮಾಮ್ ನವವಿ ಹೇಳಿದರು. ಇಬ್ಬರೂ ಆ ಮದ್‌ಹಬ್‌ನ ಆಧಾರಸ್ತಂಭಗಳು. ಒಬ್ಬರು ಇನ್ನೊಬ್ಬರನ್ನು ದಾರಿ ತಪ್ಪಿದವರೆಂದು ಕರೆಯಲಿಲ್ಲ. ಮದುವೆಯಲ್ಲಿ ಮತ್ತು ಸುನ್ನತ್‌ನ ಸಮಾರಂಭದಲ್ಲಿ ದಫ್ ಬಾರಿಸಬಹುದು, ಅದಕ್ಕೆ ಗೆಜ್ಜೆ ಕಟ್ಟಿದ್ದರೂ ಅಡ್ಡಿಯಿಲ್ಲ ಎಂದು ಬರೆದವರೂ ಇದೇ ನವವಿ. ಇಮಾಮ್ ಗಝಾಲಿ (1058-1111) ತಮ್ಮ 'ಇಹ್ಯಾ ಉಲೂಮಿದ್ದೀನ್'ನಲ್ಲಿ ಈ ವಿಷಯಕ್ಕಾಗಿಯೇ ಒಂದು ಇಡೀ ಭಾಗವನ್ನು ಮೀಸಲಿಟ್ಟರು. ಯಾರು ಹಾಡುತ್ತಾರೆ, ಏನನ್ನು ಹಾಡುತ್ತಾರೆ, ಯಾವ ವಾದ್ಯ, ಕೇಳುವವನ ಮನಸ್ಥಿತಿ ಏನು ಎಂದು ಒಂದೊಂದಾಗಿ ತೂಗಿ ನೋಡಿದ ಅವರು, ಕೆಡುಕು ಬಂದು ಸೇರಿದಾಗ ಹಾಡು ನಿಷಿದ್ಧವಾಗುತ್ತದೆ, ಇಲ್ಲದಿದ್ದರೆ ಇಲ್ಲ ಎಂಬ ನಿಲುವಿಗೆ ಬಂದರು. ಮದ್ಯಪಾನಿಗಳ ಗುರುತಾಗಿದ್ದ ವಾದ್ಯಗಳನ್ನು ಅವರೂ ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ಯೂಸುಫುಲ್ ಖರ್ಝಾವಿ (1926-2022) 1960ರಲ್ಲಿ ಪ್ರಕಟವಾದ ಹಲಾಲ್-ಹರಾಮ್ ಕುರಿತ ತಮ್ಮ ಪ್ರಸಿದ್ಧ ಕೃತಿಯಲ್ಲಿ ಅಶ್ಲೀಲತೆ, ಮದ್ಯ, ಅತಿರೇಕಗಳಿಲ್ಲದ ಸಂಗೀತಕ್ಕೆ ಅನುಮತಿ ಇದೆ ಎಂದರು.

ಇಷ್ಟು ಹೇಳಿದ ಮೇಲೆ ನಮ್ಮ ನಿಲುವನ್ನು ಸ್ಪಷ್ಟಪಡಿಸುತ್ತೇವೆ. ಇದು ಭಿನ್ನಾಭಿಪ್ರಾಯಕ್ಕೆ ಎಡೆಯಿರುವ ವಿಷಯ. ಇಂತಹ ವಿಷಯದಲ್ಲಿ ಒಬ್ಬ ತನಗೆ ಬೇಡ ಎನ್ನಬಹುದು, ತನ್ನ ಮಕ್ಕಳಿಗೆ ತಿಳಿಹೇಳಬಹುದು. ಆದರೆ ಇನ್ನೊಬ್ಬನ ಈಮಾನ್ ಅಳೆಯಲು, ಆತನ ಮನೆಯ ನಿಕಾಹ್ ತಡೆಯಲು, ಆತನನ್ನು ಜಮಾಅತ್‌ನಿಂದ ದೂರವಿಡಲು ಇದನ್ನು ಅಸ್ತ್ರವಾಗಿಸುವಂತಿಲ್ಲ. ನಾಲಗೆಗೆ ತೋಚಿದಂತೆ ಇದು ಹಲಾಲ್, ಇದು ಹರಾಮ್ ಎಂದು ಹೇಳಿ ಅಲ್ಲಾಹನ ಮೇಲೆ ಸುಳ್ಳು ಹೊರಿಸಬೇಡಿ ಎಂದು ಕುರ್‌ಆನ್ (16:116) ಎಚ್ಚರಿಸಿದೆ. ಹರಾಮನ್ನು ಹಲಾಲ್ ಎನ್ನುವುದು ಎಷ್ಟು ದೊಡ್ಡ ತಪ್ಪೋ, ಹಲಾಲನ್ನು ಹರಾಮ್ ಎನ್ನುವುದೂ ಅಷ್ಟೇ ದೊಡ್ಡ ತಪ್ಪು.

ನಮ್ಮ ನಾಡಿನ ಹಿರಿಯರು ಈ ಚರ್ಚೆಯನ್ನು ಅರಿಯದವರೇನಲ್ಲ. ಘಿಯಾಸುದ್ದೀನ್ ತುಘ್ಲಕ್‌ನ (ಆಳ್ವಿಕೆ 1320-1325) ಆಸ್ಥಾನದಲ್ಲಿ ಹಝ್ರತ್ ನಿಝಾಮುದ್ದೀನ್ ಔಲಿಯಾ ಅವರನ್ನು ಸಮಾ ಅಂದರೆ ಸೂಫಿ ಗಾಯನದ ವಿಷಯದಲ್ಲಿ ಉಲೆಮಾಗಳು ಪ್ರಶ್ನಿಸಿದ್ದರು. ಸ್ವತಃ ನಿಝಾಮುದ್ದೀನರೂ ಹಾಡುವವನು, ಕೇಳುವವನು, ಹಾಡಿನ ವಸ್ತು, ವಾದ್ಯ ಈ ನಾಲ್ಕರ ಕುರಿತು ಶರತ್ತುಗಳನ್ನಿಟ್ಟಿದ್ದರು. ಅದೇ ಚಿಶ್ತಿ ಪರಂಪರೆಯನ್ನು 1400ರ ಸುಮಾರಿಗೆ ಕಲಬುರಗಿಗೆ ತಂದವರು ಹಝ್ರತ್ ಬಂದೇನವಾಝ್. ವಿಜಾಪುರದ ಸೂಫಿಗಳ ಪರಂಪರೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಹಾಡಲೆಂದು ದಖನಿಯಲ್ಲಿ ಚಕ್ಕಿನಾಮಾಗಳು ಹುಟ್ಟಿದವು. ಕಲ್ಲಿನ ಒಂದೊಂದು ಸುತ್ತಿಗೆ ಅಲ್ಲಾಹನ ಹೆಸರು ಸೇರಿಕೊಂಡಿತು. ಮದ್ರಸಾದ ಮೆಟ್ಟಿಲು ಹತ್ತದ ಸಾವಿರಾರು ಬಡ ಹೆಂಗಸರಿಗೆ ದೀನ್ ತಲುಪಿದ್ದು ಹಾಡಿನ ಮೂಲಕ. ಮಲಬಾರಿನಲ್ಲಿ 1607ರಲ್ಲಿ ಖಾಝಿ ಮುಹಮ್ಮದ್ ರಚಿಸಿದ ಮುಹಿಯುದ್ದೀನ್ ಮಾಲೆ ನಮ್ಮ ಕರಾವಳಿಯ ಮನೆಗಳಲ್ಲೂ ಕೇಳಿಬಂತು. ಉತ್ತರ ಕರ್ನಾಟಕದ ಮೊಹರಂನಲ್ಲಿ ಕರ್ಬಲಾದ ಕಥೆ ಕನ್ನಡದ ರಿವಾಯತ್ ಪದಗಳಾಗಿ ಹಳ್ಳಿಯವರೆಲ್ಲರ ಕಣ್ಣು ತೇವ ಮಾಡಿತು. ಶಿಶುನಾಳ ಶರೀಫರು (1819-1889) ನಮಗೆ ಉಳಿಸಿಹೋದದ್ದೂ ಪದಗಳನ್ನೇ. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್ (1872-1937) ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸದಿದ್ದರೆ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಸಂಗೀತ ನಾವು ಕೇಳಿದಂತೆ ಇರುತ್ತಿರಲಿಲ್ಲ. ಪರಂಪರೆಯಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದು ನಾವು ವಾದಿಸುವುದಿಲ್ಲ. ಆದರೆ ಇವರೆಲ್ಲರನ್ನೂ ಒಂದೇ ಪದದಿಂದ ಇಸ್ಲಾಮಿನ ಹೊರಗೆ ತಳ್ಳುವವನು ತಾನು ಯಾರನ್ನು ತಳ್ಳುತ್ತಿದ್ದೇನೆ ಎಂದು ಒಮ್ಮೆಯಾದರೂ ಯೋಚಿಸಬೇಕು.

ಏಕೆಂದರೆ ಆ ಒಂದು ಪದ ಪದವಾಗಿಯೇ ಉಳಿಯುವುದಿಲ್ಲ. 1996ರಿಂದ 2001ರವರೆಗೆ ಅಫ್ಘಾನಿಸ್ತಾನದಲ್ಲಿ ಸಂಗೀತ ನಿಷೇಧಿಸಿದ್ದ ತಾಲಿಬಾನ್ 2021ರಲ್ಲಿ ಮರಳಿ ಬಂದ ಕೆಲವೇ ದಿನಗಳಲ್ಲಿ ಜನಪದ ಗಾಯಕ ಫವಾದ್ ಅಂದರಾಬಿ ಗುಂಡಿಗೆ ಬಲಿಯಾದರು. 2023ರ ಜುಲೈನಲ್ಲಿ ಹೆರಾತ್‌ನಲ್ಲಿ ವಾದ್ಯಗಳನ್ನು ರಾಶಿ ಹಾಕಿ ಸುಡಲಾಯಿತು. 2016ರ ರಮಝಾನ್ ತಿಂಗಳಲ್ಲಿ ಕರಾಚಿಯಲ್ಲಿ ಕವ್ವಾಲಿ ಗಾಯಕ ಅಮ್ಜದ್ ಸಾಬ್ರಿಯವರನ್ನು ಹಾಡಹಗಲೇ ಗುಂಡಿಕ್ಕಿ ಕೊಂದರು. ಜೀವನವಿಡೀ ಪ್ರವಾದಿ(ಸ)ಯವರನ್ನು ಕೊಂಡಾಡಿದ ಕಂಠವದು. 2013ರಲ್ಲಿ ಕಾಶ್ಮೀರದ ಮೂವರು ಹದಿಹರೆಯದ ಹುಡುಗಿಯರ ಬ್ಯಾಂಡ್ ಬೆದರಿಕೆ ಮತ್ತು ಫತ್ವಾದ ಒತ್ತಡಕ್ಕೆ ಮುಚ್ಚಿಹೋಯಿತು.

ದೂರದ ಮಾತೇಕೆ? 2017ರಲ್ಲಿ ಶಿವಮೊಗ್ಗ ಜಿಲ್ಲೆಯ ಯುವತಿಯೊಬ್ಬರು ಹಿಜಾಬ್ ಧರಿಸಿಯೇ ಕನ್ನಡ ಟಿವಿ ವಾಹಿನಿಯೊಂದರ ಸ್ಪರ್ಧೆಯಲ್ಲಿ ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದರು. ನಮ್ಮವರೇ ಕೆಲವರು ಫೇಸ್‌ಬುಕ್‌ನಲ್ಲಿ ಆಕೆಯನ್ನೂ ಆಕೆಯ ತಂದೆತಾಯಿಯನ್ನೂ ಬಾಯಿಗೆ ಬಂದಂತೆ ನಿಂದಿಸಿದರು. ಆಕೆ ಹಾಡಿದ ಹಾಡಿನ ಬಗ್ಗೆ ಯಾರಿಗಾದರೂ ತಕರಾರು ಇರಬಹುದು. ಅದನ್ನು ಸಭ್ಯವಾಗಿ ಹೇಳುವುದಕ್ಕೆ ಬಾಯಿ ಇದೆ. ಆದರೆ ಪರರ ಮಗಳನ್ನು ನಿಂದಿಸುವುದು ಹರಾಮ್ ಎಂಬುದರಲ್ಲಿ ಯಾವ ಮದ್‌ಹಬ್‌ನಲ್ಲಿ ಭಿನ್ನಾಭಿಪ್ರಾಯವಿದೆ? ಭಿನ್ನಾಭಿಪ್ರಾಯವಿರುವ ವಿಷಯವೊಂದರ ಹೆಸರಿನಲ್ಲಿ ಭಿನ್ನಾಭಿಪ್ರಾಯವೇ ಇಲ್ಲದ ಪಾಪವನ್ನು ಮಾಡಿದವರು ಧರ್ಮರಕ್ಷಕರು ಎನಿಸಿಕೊಂಡರು!

ಇದೇ ಪ್ರಸಂಗವನ್ನು ಹಿಡಿದುಕೊಂಡು ಇಡೀ ಮುಸ್ಲಿಮ್ ಸಮುದಾಯವೇ ಸಂಗೀತದ್ವೇಷಿ ಎಂದು ಡಂಗುರ ಸಾರಿದವರೂ ಇದ್ದರು. ಅವರಿಗೂ ಒಂದು ಮಾತು. ಶಹನಾಯಿಯ ಬಿಸ್ಮಿಲ್ಲಾ ಖಾನರನ್ನು, ಕಿರಾನಾದ ಕರೀಮ್ ಖಾನರನ್ನು ಕೊಟ್ಟ ಸಮುದಾಯಕ್ಕೆ ಸಂಗೀತದ ಪಾಠ ಹೇಳುವ ಅಗತ್ಯವಿಲ್ಲ. ಮಸೀದಿಯ ಮುಂದೆ ಡಿಜೆ ನಿಲ್ಲಿಸಿ ಮುಸ್ಲಿಮರನ್ನು ಹೀಯಾಳಿಸುವ ಹಾಡು ಹಾಕುವುದನ್ನು ಸಂಗೀತಪ್ರೇಮ ಎಂದು ಯಾರೂ ಕರೆಯಲಾರರು. ಏನನ್ನು ಹಾಡುತ್ತೀರಿ, ಏಕೆ ಹಾಡುತ್ತೀರಿ ಎಂಬ ಗಝಾಲಿಯವರ ಪ್ರಶ್ನೆ ಅವರಿಗೂ ಅನ್ವಯಿಸುತ್ತದೆ.

ಈಗ ನಮ್ಮ ಮದುವೆ ಮನೆಗೆ ಮರಳೋಣ. ನಿಷೇಧ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಿ. ಬಡವನ ಮನೆಯಲ್ಲಿ ಹೆಂಗಸರು ಹಾಡಿದರೆ ನಿಕಾಹ್ ನಿಲ್ಲುತ್ತದೆ. ಶ್ರೀಮಂತನ ಮಗನ ಮದುವೆಯಲ್ಲಿ ಹಿಂದಿನ ರಾತ್ರಿಯಿಡೀ ಡಿಜೆ ಗುಡುಗಿ ನೆರೆಹೊರೆಯ ರೋಗಿಗಳ, ಮಕ್ಕಳ ನಿದ್ದೆ ಕೆಡಿಸಿದರೂ ಮರುದಿನ ಮೊದಲ ಸಾಲಿನಲ್ಲಿ ಜಮಾಅತ್ ಹಿರಿಯರಿರುತ್ತಾರೆ. ಭಾಷಣದಲ್ಲಿ ಸಂಗೀತವನ್ನು ಖಂಡಿಸುವವರ ಜೇಬಿನಲ್ಲೇ ಸಿನಿಮಾ ಹಾಡಿನ ರಿಂಗ್‌ಟೋನ್ ಮೊಳಗುವುದನ್ನು ನಾವು ಕಂಡಿದ್ದೇವೆ. ಚುನಾವಣೆ ಬಂದಾಗ ನಮ್ಮದೇ ಮೊಹಲ್ಲಾಗಳಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಸುತ್ತುವ ವಾಹನಗಳ ಹಾಡಿಗೆ ಯಾರ ಆಕ್ಷೇಪವೂ ಇರುವುದಿಲ್ಲ.

ಇದೆಲ್ಲಕ್ಕಿಂತ ಮಿಗಿಲಾದದ್ದು ವರದಕ್ಷಿಣೆ. ಮಹಿಳೆಯರಿಗೆ ಅವರ ಮಹ್ರ್ ಅನ್ನು ಸಂತೋಷದಿಂದ ಕೊಟ್ಟುಬಿಡಿ ಎಂದು ಕುರ್‌ಆನ್ (4:4) ಆದೇಶಿಸಿದೆ. ಕೊಡಬೇಕಾದವನು ಗಂಡು. ಹೆಣ್ಣಿನ ಕಡೆಯವರನ್ನು ಪೀಡಿಸಿ ಹಣ, ಚಿನ್ನ, ಕಾರು ಪಡೆಯಬಹುದು ಎನ್ನುವ ಒಂದು ಸೂಕ್ತವಿಲ್ಲ, ಒಂದು ಹದೀಸ್ ಇಲ್ಲ. ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬೇಡಿ ಎಂಬ ಆಜ್ಞೆ (2:188) ಇದೆ. ದೇಶದ ಕಾನೂನೂ 1961ರಿಂದಲೇ ಇದನ್ನು ಅಪರಾಧ ಎಂದಿದೆ. ಆದರೂ ನಮ್ಮ ನಡುವೆ ಎಷ್ಟು ತಂದೆಯಂದಿರು ಬಡ್ಡಿ ಸಾಲ ಎತ್ತಿಲ್ಲ? ಎಷ್ಟು ಅಣ್ಣಂದಿರು ತಂಗಿಯರ ಮದುವೆಗಾಗಿ ಗಲ್ಫಿನಲ್ಲಿ ಯೌವನ ಕಳೆದಿಲ್ಲ? ಎಷ್ಟು ಹೆಣ್ಣುಮಕ್ಕಳು ಮದುವೆಯಿಲ್ಲದೆ ಮನೆಯಲ್ಲೇ ಉಳಿದಿಲ್ಲ? ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆ ಹರಾಮಿನ ದುಡ್ಡಿನಲ್ಲಿ ಕೊಂಡ ಚಿನ್ನ ಮದುಮಗಳ ಮೈಮೇಲೆ ಹೊಳೆಯುತ್ತಿರುವಾಗ ನಮ್ಮ ಕಿವಿ ಹುಡುಗಿಯೊಬ್ಬಳ ದಫ್‌ನ ಸದ್ದನ್ನಷ್ಟೇ ಹಿಡಿಯುತ್ತದೆ.

ವರದಕ್ಷಿಣೆಯ ವಿರುದ್ಧ ದನಿ ಎತ್ತಿದ ಜಮಾಅತ್‌ಗಳು, ಸಂಘಟನೆಗಳು, ಉಲೆಮಾಗಳು ಇಲ್ಲವೆಂದಲ್ಲ. ಅವರಿಗೆ ನಮ್ಮ ಸಲಾಂ. ಆದರೆ ಹಾಡಿಗಾಗಿ ನಿಕಾಹ್ ತಡೆಯುವಷ್ಟು ಧೈರ್ಯ ವರದಕ್ಷಿಣೆಗಾಗಿ ತಡೆಯುವಾಗ ಎಲ್ಲಿ ಹೋಗುತ್ತದೆ? ಕಾರಣ ಗುಟ್ಟಿನದ್ದೇನಲ್ಲ. ಹಾಡುವ ಹೆಂಗಸರು ತಿರುಗಿ ಮಾತಾಡುವುದಿಲ್ಲ. ವರದಕ್ಷಿಣೆ ಪಡೆಯುವವರು ಮಸೀದಿಗೆ ದೇಣಿಗೆ ಕೊಡುವವರು, ಕಮಿಟಿಯಲ್ಲಿ ಕೂರುವವರು.

ಸಂಗೀತ ಕೇಳುವವರಿಗೂ ಹೇಳಲಿಕ್ಕಿದೆ. ಅನುಮತಿ ಇದೆ ಎಂಬ ಅಭಿಪ್ರಾಯವನ್ನು ಅಪ್ಪಿಕೊಳ್ಳುವವರು ಅದರ ಜೊತೆಗಿರುವ ಶರತ್ತುಗಳನ್ನು ಕೈಬಿಡಬಾರದು. ಹೆಣ್ಣನ್ನು ಸರಕಾಗಿಸುವ ಹಾಡು, ಇನ್ನೊಂದು ಧರ್ಮ ಅಥವಾ ಜಾತಿಯನ್ನು ಹೀನಾಯವಾಗಿಸುವ ಹಾಡು, ನಮಾಝನ್ನೂ ತಾಯಿಯ ಕರೆಯನ್ನೂ ಕೇಳಿಸದಂತೆ ಮಾಡುವ ಇಯರ್‌ಫೋನ್, ನೆರೆಯವನ ನಿದ್ದೆಯನ್ನು ಕದಿಯುವ ಸ್ಪೀಕರ್ ಇವೆಲ್ಲವೂ ಗಝಾಲಿಯವರ ತಕ್ಕಡಿಯಲ್ಲಿ ಸೋಲುತ್ತವೆ. ಹಾಡು ನಮ್ಮ ಮನಸ್ಸನ್ನು ಮೃದುಗೊಳಿಸಿತೇ, ಮರಗಟ್ಟಿಸಿತೇ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು. ಆ ಲೆಕ್ಕವನ್ನು ಬೇರೆ ಯಾರೂ ನಮ್ಮ ಪರವಾಗಿ ಇಡಲಾರರು.

ಜಮಾಅತ್‌ಗಳ ಹಿರಿಯರಲ್ಲಿ, ಖತೀಬರಲ್ಲಿ ನಮ್ಮ ವಿನಂತಿ ಇಷ್ಟೆ. ನಿಕಾಹ್‌ನ ದಫ್ತರಿಗೆ ಸಹಿ ಹಾಕುವ ಮೊದಲು ಮದುಮಗನಲ್ಲಿ ಒಂದು ಪ್ರಶ್ನೆ ಕೇಳಿ: ಈ ಮನೆಯಿಂದ ನೀನು ಏನನ್ನಾದರೂ ಕೇಳಿ ಪಡೆದಿದ್ದೀಯಾ? ಪಡೆದಿದ್ದರೆ ಅದನ್ನು ಹಿಂದಿರುಗಿಸುವ ತನಕ ನಿಕಾಹ್ ನಿಲ್ಲಲಿ. ಹಾಗೆ ನಿಲ್ಲಿಸಿದ ದಿನ, ಹಾಡಿನ ಕುರಿತೂ ನೀವು ಹೇಳುವುದನ್ನು ನಾವು ತಲೆಬಾಗಿ ಕೇಳುತ್ತೇವೆ. ಅಲ್ಲಿಯವರೆಗೆ ಆ ಹುಡುಗಿ ದಫ್ ಬಾರಿಸಲಿ, ಅವಳ ಚಿಕ್ಕಮ್ಮಂದಿರು ಹಾಡಲಿ. ಪ್ರವಾದಿ(ಸ)ಯವರ ಮನೆಯಲ್ಲಿ ಹಾಡಿದ ಆ ಇಬ್ಬರು ಹುಡುಗಿಯರನ್ನು ಬಿಟ್ಟಂತೆ ಇವರನ್ನೂ ಬಿಟ್ಟುಬಿಡಿ.